ಹೊಂಗೆ ಮರದ ಕೆಳಗಿನ ಬೆಂಚು

ನಮ್ಮ ಮನೆಯ ಮೇಲಿನ ರೂಮಿಗೆ ಬಾಡಿಗೆಗೆ ಬಂದ ವಿದೇಶಿ ಹುಡುಗಿ ಚಿತ್ರ ಬರೆಯುವವಳು. ಮಹದೇವಪುರದಲ್ಲಿ ನಮ್ಮ ಮನೆಗೆ ಹತ್ತಿರವೇ ಇರುವ ಟೆಕ್ ಪಾರ್ಕಿನವರು ಅವಳನ್ನು ಮೂರು ತಿಂಗಳ ಮಟ್ಟಿಗೆ ಕರೆಸಿಕೊಂಡಿದ್ದರು. ಗೊತ್ತಿಲ್ಲದ ಊರನ್ನು ಮೊದಲ ಸಲ ನೋಡಿದಾಗ ಕಣ್ಣಿಗೆ ಬಿದ್ದದ್ದನ್ನೆಲ್ಲ ಅವಳು ಬರೆಯಬೇಕು, ಆಮೇಲೆ ಅವನ್ನೆಲ್ಲ ಪಾರ್ಕಿನ ಲಾಬಿಯಲ್ಲಿ ತೂಗುಹಾಕುತ್ತಾರೆ. ಕೇಳಿದ ದಿನವೇ ನನಗೆ ಸಿಟ್ಟು ಬಂದಿತ್ತು. ನಾನು ಇಲ್ಲೇ ಹುಟ್ಟಿ ಬೆಳೆದವಳು. ಈ ಊರು ಹೇಗಿದೆ ಎಂದು ನನ್ನನ್ನು ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ.

ಹುಡುಗಿ ಒಳ್ಳೆಯವಳೇ. ವಾರದೊಳಗೆ ನನ್ನನ್ನು ಅಕ್ಕಾ ಎನ್ನಲು ಕಲಿತಳು, ಅಮ್ಮ ಕೊಟ್ಟ ಮುದ್ದೆಯನ್ನು ಅಗಿದು ಅಗಿದು ತಿಂದಳು. ಸಂಜೆಯಾದರೆ ಚಿತ್ರದ ಪುಸ್ತಕ ಹಿಡಿದು, ಅಂದು ಬರೆದದ್ದನ್ನು ತೋರಿಸಲು ಕೆಳಗೆ ಬರುವಳು. ದಾರಿಯುದ್ದಕ್ಕೂ ನೀರು ಚೆಲ್ಲಿಕೊಂಡು ಹೋಗುವ ಟ್ಯಾಂಕರು, ಕಂಬದಿಂದ ಜಡೆಯ ಹಾಗೆ ಇಳಿದ ಕೇಬಲ್ಲು, ದರ್ಶಿನಿಯ ಮುಂದೆ ದೋಸೆಗೆ ಕಾಯುವ ಹಸು, ಫುಟ್‌ಪಾತ್ ಹತ್ತಿದ ಸ್ಕೂಟರು. ಎಲ್ಲವೂ ಅವಳಿಗೆ ಚೆಂದ. ಅಂಥದೇ ಒಂದು ಸ್ಕೂಟರು ನನ್ನ ಕಾಲಿಗೆ ತಾಗಿ ಎರಡು ವಾರ ಕುಂಟಿದ್ದೆ. ಚೆಂದ ಎಲ್ಲಿ ಕಂಡಿತಮ್ಮಾ ನಿನಗೆ ಎಂದು ಕೇಳಬೇಕು ಅನ್ನಿಸುತ್ತಿತ್ತು.

ಒಂದು ಸಂಜೆ ಅವಳು ತಿರುವಿದ ಹಾಳೆಯಲ್ಲಿ ಒಂದು ಹೊಂಗೆ ಮರವಿತ್ತು. ಕೆಳಗೆ ತಗ್ಗಾದ ಕಲ್ಲುಕಟ್ಟೆ, ಅದರ ಮೇಲೆ ನಾಲ್ಕು ಜನ ಊಟದ ಡಬ್ಬಿ ಬಿಚ್ಚಿಕೊಂಡು ಕೂತಿದ್ದರು. ಒಬ್ಬ ಬೂಟುಗಾಲನ್ನೂ ಮೇಲಿಟ್ಟಿದ್ದ. ಅಡಿಯಲ್ಲಿ ಇಂಗ್ಲಿಷಿನಲ್ಲಿ ‘ಊಟದ ಬೆಂಚು’ ಎಂದು ಬರೆದಿದ್ದಳು. ಆಳೆತ್ತರದಲ್ಲಿ ಎರಡಾಗಿ ಕವಲೊಡೆದ ಆ ಮರ ಕಂಡ ಕೂಡಲೇ ನನಗೆ ಗುರುತು ಹತ್ತಿತು. ಅದು ಬೆಂಚಲ್ಲ, ನಮ್ಮಪ್ಪನ ಸಮಾಧಿ.

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಸ್ವಂತ ಹೊಲದ ಮೂಲೆಯಲ್ಲೇ ಮಣ್ಣು ಮಾಡಿ, ಮೇಲೊಂದು ಕಟ್ಟೆ ಕಟ್ಟಿ, ಮಹಾಲಯ ಅಮಾವಾಸ್ಯೆಗೆ ಅಲ್ಲಿ ಎಡೆ ಇಡುತ್ತೇವೆ. ಅಪ್ಪ ಮಲಗಿರುವ ಆ ಹೊಲವೇ ಈಗ ಟೆಕ್ ಪಾರ್ಕಿನ ತೋಟ.

ಆ ಹುಡುಗಿಯ ಮೇಲೆ ಬಾಯಿಗೆ ಬಂದ ಹಾಗೆ ಕೂಗಾಡಿದೆ. ಗೋರಿಗೂ ಬೆಂಚಿಗೂ ವ್ಯತ್ಯಾಸ ತಿಳಿಯದವಳು ಊರನ್ನು ಏನು ನೋಡುತ್ತೀಯೆ ಎಂದೆ. ಅವಳು ಪುಸ್ತಕ ಮುಚ್ಚಿದಳು. ಕ್ಷಮಿಸಿ ಎಂದಳು. ಆಮೇಲೆ ಮೆಲ್ಲಗೆ, "ಆದರೆ ಅಕ್ಕಾ, ಆ ಕಲ್ಲಿನ ಮೇಲೆ ಏನೂ ಬರೆದಿರಲಿಲ್ಲ" ಎಂದಳು.

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎನ್ನುತ್ತಾರಲ್ಲ, ನನ್ನದು ಅದೇ. ಕಲ್ಲಿನ ಮೇಲೆ ಹೆಸರಿತ್ತು. ಅದನ್ನು ಕಿತ್ತವರು ನಾವೇ. ಸಮಾಧಿ ಇರುವ ಜಾಗ ಬೇಡ ಎಂದು ಕೊಳ್ಳುವವರು ಹಟ ಹಿಡಿದಾಗ, ಅಣ್ಣ ಹಾರೆ ತಂದು ಹೆಸರಿನ ಕಲ್ಲನ್ನು ಎಬ್ಬಿಸಿದ. ಇದು ಬರೀ ಕಟ್ಟೆ, ಹೊಲದ ಆಳುಗಳು ದಣಿವಾರಿಸಿಕೊಳ್ಳಲು ಕಟ್ಟಿದ್ದು ಎಂದು ಹೇಳಿದ. ಕಟ್ಟೆ ಅಲ್ಲೇ ಉಳಿಯಿತು, ಕೊಂಡವರು ಅದಕ್ಕೆ ನುಣುಪಾದ ಗ್ರಾನೈಟು ಹೊದಿಸಿದರು. ಕ್ರಯಪತ್ರಕ್ಕೆ ಹೆಣ್ಣುಮಕ್ಕಳ ಸಹಿಯೂ ಬೇಕಿತ್ತು. ಸದರಿ ಜಮೀನಿನಲ್ಲಿ ಗುಡಿ, ಸಮಾಧಿ ಯಾವುದೂ ಇರುವುದಿಲ್ಲ ಎಂಬ ಸಾಲು ಅದರಲ್ಲಿತ್ತು. ಓದದೆ ಸಹಿ ಮಾಡಿದೆ ಎಂದರೆ ಸುಳ್ಳಾಗುತ್ತದೆ. ಎರಡು ಸಲ ಓದಿದೆ, ಆಮೇಲೆ ಸಹಿ ಮಾಡಿದೆ. ಅಮ್ಮ ಹೆಬ್ಬೆಟ್ಟು ಒತ್ತಿದಳು. ಅವಳಿಗೆ ಆ ಸಾಲನ್ನು ಯಾರೂ ಓದಿ ಹೇಳಲಿಲ್ಲ. ಹೆಸರಿನ ಕಲ್ಲು ಹಳೆಯದಾಯಿತು, ಹೊಸದು ಹಾಕಿಸುತ್ತೇವೆ ಎಂದು ಅಣ್ಣ ಸಮಾಧಾನ ಮಾಡಿದ್ದ.

ಕಟ್ಟಡ ಏಳುತ್ತಿದ್ದಷ್ಟು ವರ್ಷವೂ ತೊಂದರೆಯಾಗಲಿಲ್ಲ. ಕಾವಲಿಗಿದ್ದವನು ನಮ್ಮ ಪಕ್ಕದೂರಿನವನು, ಎಡೆ ಇಡಲು ಅಮ್ಮನನ್ನು ಹಿಂದಿನಿಂದ ಒಳಗೆ ಬಿಡುತ್ತಿದ್ದ. ಈ ಸಲ ಅಲ್ಲಿ ಗೋಡೆ ಎದ್ದಿತ್ತು. ಅಮಾವಾಸ್ಯೆಯ ಹಿಂದಿನ ದಿನ ಅಣ್ಣ ಫೋನ್ ಮಾಡಿದ.

"ಸಮಾಧಿ ಅನ್ನೋ ಮಾತು ನಿನ್ನ ಬಾಯಿಂದ ಬರ್ಬಾರ್ದು. ಸುಳ್ಳು ಹೇಳಿ ಮಾರಿದ್ರಿ ಅಂತ ನಮ್ ಮೇಲೇ ಕೇಸ್ ಹಾಕ್ತಾರೆ. ಮನೇಲೇ ಎಡೆ ಇಡು ಅಂತ ಅಮ್ಮಂಗ್ ಹೇಳು."

ಹೇಳಿದೆ. ಅಮ್ಮ ನನ್ನ ಮುಖ ನೋಡಿದಳು. "ಅವ್ರು ಇಲ್ಲೇ ಪಕ್ಕದಾಗ್ ಮಲ್ಗಿರೋವಾಗ ಮನೇಲ್ ಯಾಕಮ್ಮಿ ಇಡ್ಲಿ?"

ಬೆಳಿಗ್ಗೆ ಕ್ಯಾರಿಯರಿನಲ್ಲಿ ಮುದ್ದೆ, ಮಾಂಸದ ಸಾರು, ವಡೆ ತುಂಬಿ, ಬಾಳೆಲೆ, ಹೊಸ ಪಂಚೆ, ಒಂದು ಕಟ್ಟು ಬೀಡಿ ತೆಗೆದುಕೊಂಡು ಹೊರಟೆವು. ಗೇಟಿನಲ್ಲಿ ನಮ್ಮ ಫೋಟೊ ತೆಗೆದರು, ಆಧಾರ್ ಕೇಳಿದರು. ಅಪ್ಪ ರಾಗಿ ಬಿತ್ತಿದ ನೆಲಕ್ಕೆ ಕಾಲಿಡಲು ಪಾಸ್‌ಪೋರ್ಟ್ ಒಂದನ್ನು ಮಾತ್ರ ಕೇಳಲಿಲ್ಲ.

"ಯಾರನ್ನ ಮೀಟ್ ಮಾಡ್ಬೇಕು ಅಜ್ಜಿ?" ಎಂದು ಸೆಕ್ಯುರಿಟಿಯವನು ಕೇಳಿದ.

"ನಮ್ ಯಜಮಾನ್ರನ್ನ ಕಣಪ್ಪ."

"ಯಾವ್ ಕಂಪ್ನೀಲಿದಾರೆ? ಯಾವ್ ಫ್ಲೋರು?"

ಅವನು ಕುಚೋದ್ಯ ಮಾಡಲಿಲ್ಲ, ಮರ್ಯಾದೆಯಿಂದಲೇ ಕೇಳಿದ. ಅಮ್ಮ ನನ್ನ ಕಡೆ ತಿರುಗಿದಳು. ನಾನು ಕ್ಯಾರಿಯರನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದೆ. ಅಷ್ಟರಲ್ಲಿ ಒಳಗಿದ್ದ ಆ ಹುಡುಗಿ ನಮ್ಮನ್ನು ಕಂಡು ಓಡಿಬಂದಳು. ಇವರು ನನ್ನ ಅತಿಥಿಗಳು, ಊಟ ತಂದಿದ್ದಾರೆ ಎಂದು ಅವನಿಗೆ ಹೇಳಿದಳು. ನಮ್ಮ ಎದೆಗೆ ಚೀಟಿ ಅಂಟಿಸಿ ಒಳಗೆ ಬಿಟ್ಟರು. ನಮ್ಮದೇ ಹೊಲಕ್ಕೆ ನಾವು ನಿನ್ನೆ ಮೊನ್ನೆ ಬಂದ ಹುಡುಗಿಯ ನೆಂಟರಾಗಿ ಹೋದೆವು. ಅವಳಿಗೆ ಥ್ಯಾಂಕ್ಸ್ ಹೇಳಲೂ ನನಗೆ ಮನಸ್ಸಾಗಲಿಲ್ಲ.

ಕಟ್ಟೆಯ ಮೇಲೆ ಮೂವರು ಕಾಫಿ ಕುಡಿಯುತ್ತ ಕೂತಿದ್ದರು. ಅಮ್ಮ ಮುಂದೆ ಹೋಗಿ ನಿಂತದ್ದೇ ಒಬ್ಬ ಹುಡುಗ ತಟ್ಟನೆ ಸರಿದು ಜಾಗ ಮಾಡಿದ.

"ಕೂತ್ಕೊಳ್ಳಿ ಅಜ್ಜಿ, ಜಾಗ ಇದೆ," ಎಂದು ಪಕ್ಕದ ಕಲ್ಲನ್ನು ಕೈಯಿಂದ ಒರೆಸಿದ.

ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು. ಕೇಸಾದರೆ ಆಗಲಿ ಎಂದುಕೊಂಡೆ.

"ಮೂರು ಜನಾನೂ ಏಳಿ. ಇದು ಬೆಂಚಲ್ಲ, ನಮ್ಮಪ್ಪನ ಸಮಾಧಿ. ನೀವು ಕೂತಿರೋದು ಅವರ ಎದೆ ಮೇಲೆ."

ಮೂವರೂ ಬೆಂಕಿ ತಾಗಿದವರಂತೆ ಎದ್ದರು. ಜಾಗ ಒರೆಸಿದ ಹುಡುಗ ಕೈ ಮುಗಿದ. "ಗೊತ್ತಿರ್ಲಿಲ್ಲ ಮೇಡಂ, ಸಾರಿ. ಇಲ್ಲಿ ಯಾರೂ ಹೇಳೇ ಇಲ್ಲ."

ಅವರು ಅತ್ತ ಹೋದ ಮೇಲೆ ಅಮ್ಮ ಕೇಳಿದಳು. "ಇಷ್ಟ್ ದಿನದಿಂದ ಇವ್ರ್‌ಗೆ ಯಾಕ್ ಹೇಳ್ಲಿಲ್ಲ ನೀವು?"

ಸುಳ್ಳು ಹೇಳಿ ಹೇಳಿ ನನಗೂ ಸಾಕಾಗಿತ್ತು. ಕ್ರಯಪತ್ರದ ಆ ಸಾಲನ್ನು ಅಲ್ಲೇ, ಮರದ ಕೆಳಗೆ, ಒಂದಕ್ಷರ ಬಿಡದೆ ಅವಳಿಗೆ ಹೇಳಿದೆ. ಅಣ್ಣನ ಸಹಿ, ನನ್ನ ಸಹಿ, ಅವಳ ಹೆಬ್ಬೆಟ್ಟು, ಎಲ್ಲವನ್ನೂ ಹೇಳಿದೆ. ಅಮ್ಮ ಅಳಲಿಲ್ಲ. ಅವಳು ಅಳಲಿ ಎಂದು ನಾನು ಕಾಯುತ್ತಿದ್ದೆ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು.

"ಅವ್ರು ಇಲ್ಲಿಲ್ಲ ಅಂತ ನೀವೇ ಬರ್ಕೊಟ್ಟಿದ್ರೆ, ಕೂತಿದ್ದ ಮಕ್ಳನ್ನ ಯಾರಿಗೋಸ್ಕರ ಏಳಿಸ್ದೆ?"

ನನ್ನ ಕೈಯಿಂದ ಕ್ಯಾರಿಯರು ಕಿತ್ತುಕೊಂಡು, ದೂರ ನಿಂತಿದ್ದ ಆ ಮೂವರನ್ನು ಬನ್ರಪ್ಪಾ, ಕೂತ್ಕಳಿ ಎಂದು ಕರೆದಳು. ಆಮೇಲೆ ಎಡೆ ಇಡದೆಯೇ, ಹಿಂದೆ ನೋಡದೆ ಗೇಟಿನ ಕಡೆ ನಡೆದಳು.