ಮುರಿವಾಯ್ ಮರಳಿನಲ್ಲಿ ಕಾಲಿನ್ ಅಂಕಲ್ ಕಾರು

ಆ ದಿನಗಳಲ್ಲಿ ಮೌಂಟ್ ರಾಸ್ಕಿಲ್‌ನ ನಮ್ಮ ಬೀದಿಯ ಬೇಲಿಗಳೆಲ್ಲ ಸೊಂಟದಷ್ಟೇ ಎತ್ತರ. ನಿಂತಲ್ಲಿಂದಲೇ ಪಕ್ಕದ ಮನೆಗೆ ಕೊತ್ತಂಬರಿ ದಾಟಿಸಬಹುದಿತ್ತು. ಯಾರ ಮನೆಯಲ್ಲಿ ಏನು ಬೇಯುತ್ತಿದೆ ಎಂದು ಮೂಗಿಗೇ ಗೊತ್ತಾಗುತ್ತಿತ್ತು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನನಗೆ ಹನ್ನೊಂದು. ಹುಬ್ಬಳ್ಳಿಯಿಂದ ದಕ್ಷಿಣದ ಈ ದ್ವೀಪದೇಶಕ್ಕೆ ಬಂದು ಐದು ವರ್ಷ. ಅಪ್ಪಾಜಿ ಪೆನ್‌ರೋಸ್‌ನ ಗೋದಾಮೊಂದರಲ್ಲಿ ಫೋರ್ಕ್‌ಲಿಫ್ಟ್ ರಿಪೇರಿ ಮಾಡುತ್ತಿದ್ದರು. ಅವ್ವನಿಗೆ ವೃದ್ಧಾಶ್ರಮದಲ್ಲಿ ಪಾಳಿ ಕೆಲಸ. ಹೀಗಾಗಿ ನಾನು ಬೆಳೆದದ್ದು ಹೆಚ್ಚಾಗಿ ಅಜ್ಜಿಯ ಕೈಯಲ್ಲಿ. ಅಜ್ಜಿ ಅಂದರೆ ಅಪ್ಪಾಜಿಯ ತಾಯಿ. ಎರಡೂ ಮೊಣಕಾಲು ಸವೆದು, ಗೋಡೆ ಹಿಡಿದು ನಡೆಯುತ್ತಿದ್ದಳು.

ಬಲಗಡೆಯ ಮನೆ ಕಾಲಿನ್ ಅಂಕಲ್ ಅವರದು. ಎಪ್ಪತ್ತು ದಾಟಿದ್ದರು, ಹೆಂಡತಿ ತೀರಿಹೋಗಿದ್ದರು, ಒಬ್ಬರೇ ಇದ್ದರು. ಅವರ ಶೆಡ್ಡಿನಲ್ಲಿ ಅಮೆರಿಕದ ಒಂದು ಹಳೆಯ ಕಂಪನಿಯ ಕಾರಿತ್ತು. ಕೆನೆಬಣ್ಣದ ಮೈ, ತಿಳಿನೀಲಿ ತಲೆ, ಮುಂದೆ ಹಲ್ಲು ಕಿಸಿದಂತೆ ಹೊಳೆಯುವ ಕ್ರೋಮ್. ಅಜ್ಜಿ ಮೊದಲ ಸಲ ನೋಡಿದಾಗ, "ಯವ್ವಾ, ಇದು ಕಾರೋ, ದನದ ಕೊಟ್ಟಿಗೀನೋ?" ಎಂದಿದ್ದಳು. ಒಳಗೆ ಕೂತರೆ ಪೆಟ್ರೋಲು, ಬಿಸಿಲಿಗೆ ಕಾದ ರೆಕ್ಸಿನ್, ಹಳೆಯ ತಂಬಾಕು ಮೂರೂ ಸೇರಿದ ಒಂದು ವಾಸನೆ. ಮುಂದಿನ ಸೀಟು ಪಾರ್ಕಿನ ಬೆಂಚಿನ ಹಾಗೆ ಒಂದೇ ಉದ್ದಕ್ಕಿತ್ತು.

ಆ ಕಾರು ಇಲ್ಲಿಗೆ ಬಂದದ್ದು ಹೇಗೆ ಎಂಬ ಕತೆಯನ್ನು ಕಾಲಿನ್ ಅಂಕಲ್ ನನಗೆ ಎಷ್ಟು ಸಲ ಹೇಳಿದ್ದರೋ. ಕಾರು ಕಾರಾಗಿಯೇ ಬರುತ್ತಿರಲಿಲ್ಲವಂತೆ. ಕೆನಡಾದಿಂದ ಮರದ ಪೆಟ್ಟಿಗೆಗಳಲ್ಲಿ ಬಿಡಿಭಾಗಗಳಾಗಿ ಹಡಗು ಹತ್ತುತ್ತಿತ್ತು. ಇಲ್ಲಿಯ ಕಾರ್ಖಾನೆಯಲ್ಲಿ ಜೋಡಿಸುತ್ತಿದ್ದರು. ಅದಕ್ಕೇ ಅಮೆರಿಕದ ಕಾರಾದರೂ ಸ್ಟೇರಿಂಗ್ ಬಲಗಡೆಗೆ. ಹೊಸ ಕಾರು ಬೇಕೆಂದವರು ವರ್ಷಗಟ್ಟಲೆ ಸರದಿಯಲ್ಲಿ ಕಾಯಬೇಕಿತ್ತು. ಆ ಕಾರ್ಖಾನೆಯಲ್ಲಿ ಬಾಗಿಲು ಕೂಡಿಸುವ ಕೆಲಸಕ್ಕೆ ಸೇರಿದ ಹುಡುಗರಲ್ಲಿ ಇವರೂ ಒಬ್ಬರು. ಮುಂದೆ ಹತ್ತು ವರ್ಷ ಬಿಟ್ಟು, ಬೇರೆಯವರು ಓಡಿಸಿ ಬಿಟ್ಟ ಕಾರೊಂದನ್ನು ತಾವೇ ಕೊಂಡರು. "ಇದರ ಬಾಗಿಲನ್ನೂ ನಾನೇ ಕೂಡಿಸಿರಬೇಕು, ಹಾಕಿದಾಗ ಬರುವ ಸದ್ದು ಕೇಳು," ಎಂದು ಬಾಗಿಲು ತೆರೆದು, ಮುಚ್ಚಿ ತೋರಿಸುತ್ತಿದ್ದರು.

ನಾವು ಬಂದ ಎರಡನೇ ವರ್ಷ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಎಡಗಾಲು ಸೋತಿತು, ಕಣ್ಣೂ ಮಂದವಾಯಿತು. ಕಾರಿನ ಜವಾಬ್ದಾರಿ ತಾನಾಗಿಯೇ ಅಪ್ಪಾಜಿಗೆ ಬಂತು. ಪ್ರತಿ ಶನಿವಾರ ಬಾನೆಟ್ ಎತ್ತುವುದು, ಆಯಿಲ್ ನೋಡುವುದು, ಬೀದಿಯಲ್ಲಿ ಒಂದು ಸುತ್ತು. ಕಾಲಿನ್ ಅಂಕಲ್ ಪಕ್ಕದಲ್ಲಿ ಕೂತು, ಇಂಜಿನ್ನಿನ ಸದ್ದಿಗೆ ಕಿವಿ ಕೊಟ್ಟು, "ಬಸ್, ಮೂರನೇ ಸಿಲಿಂಡರ್ ಬೇಸರದಲ್ಲಿದೆ," ಎನ್ನುತ್ತಿದ್ದರು. ಅಪ್ಪಾಜಿಯ ಬಸವರಾಜ ಎಂಬ ಹೆಸರು ಅವರ ಬಾಯಲ್ಲಿ ಬಸ್ ಆಗಿತ್ತು.

ಅಂಥದ್ದರಲ್ಲಿ ಸುದ್ದಿ ಬಂತು. ಆ ಹೆಸರಿನ ಕಾರುಗಳನ್ನು ಇನ್ನು ಮಾಡುವುದಿಲ್ಲ ಎಂದು ಅಮೆರಿಕದ ಕಂಪನಿ ತೀರ್ಮಾನಿಸಿತ್ತು. ಇಲ್ಲಿ ಅಂಥ ಕಾರು ಇಟ್ಟುಕೊಂಡವರದೊಂದು ಕ್ಲಬ್ ಇತ್ತು. ಅದರ ಪತ್ರವನ್ನು ಕಾಲಿನ್ ಅಂಕಲ್ ನಮ್ಮ ಅಡುಗೆಮನೆಯ ಮೇಜಿನ ಮುಂದೆ ಕೂತು ನನ್ನಿಂದಲೇ ಓದಿಸಿದರು. ಫೆಬ್ರವರಿಯ ಒಂದು ಭಾನುವಾರ ಎಲ್ಲರೂ ತಂತಮ್ಮ ಕಾರು ತಗೊಂಡು ಪಶ್ಚಿಮ ದಂಡೆಯ ಮುರಿವಾಯ್ ಬೀಚಿಗೆ ಬರಬೇಕು ಎಂದಿತ್ತು. ಅಂಕಲ್ ಪತ್ರವನ್ನು ಮಡಿಸಿ ಜೇಬಿಗಿಟ್ಟರು. ಆಮೇಲೆ ಅಪ್ಪಾಜಿಗೆ ಹೇಳಿದರು: "ಮದುವೆಯಾದ ಹೊಸತರಲ್ಲಿ ನಾವಿಬ್ಬರೂ ಅಲ್ಲಿ ಮರಳಿನ ಮೇಲೆ ಓಡಿಸುತ್ತಿದ್ದೆವು. ಇನ್ನೊಂದು ಸಲ ಹೋಗೋಣ. ನೀರು ಇಳಿಯುವ ಹೊತ್ತು ಮಾತ್ರ ಸರಿಯಾಗಿ ನೋಡಿಕೊಂಡಿರು."

ಆ ಭಾನುವಾರ ಅವ್ವನಿಗೆ ಪಾಳಿಯಿತ್ತು. ಬೆಳಿಗ್ಗೆ ಅಪ್ಪಾಜಿ ಟೈರಿಗೆ ಗಾಳಿ ಹಾಕುತ್ತ ಕೂಗಿದರು. "ಪಮ್ಮಿ, ಪೇಪರಿನಾಗ ನೀರಿನ ಟೈಮ್ ಬರದಿರ್ತಾರ, ನೋಡಿ ಚೀಟಿ ಮ್ಯಾಲ ಬರಕೋ."

"ಓಕೆ ಅಪ್ಪಾಜಿ," ಎಂದೆ. ಟಿವಿಯಲ್ಲಿ ಕಾರ್ಟೂನು ಮುಗಿಯುವುದರಲ್ಲಿತ್ತು. ಒಂದು ಕಣ್ಣು ಅಲ್ಲಿಟ್ಟು, ಪೇಪರಿನಲ್ಲಿ ಮೊದಲು ಕಂಡ ಸಾಲನ್ನು ಚೀಟಿಗೆ ಇಳಿಸಿದೆ. ಹನ್ನೆರಡು ಗಂಟೆಗೆ ಭರತ, ಆಮೇಲೆ ಇಳಿತ. ಸಾಲಿನ ತಲೆಯ ಮೇಲೆ ಯಾವ ಊರಿನ ಹೆಸರಿದೆ ಎಂದು ನೋಡಲಿಲ್ಲ.

ಮುರಿವಾಯ್‌ನಲ್ಲಿ ಹುಲ್ಲಿನ ಮೇಲೆ ಇಪ್ಪತ್ತಕ್ಕೂ ಹೆಚ್ಚು ಕಾರುಗಳು ಸಾಲಾಗಿ ನಿಂತಿದ್ದವು. ಇಲ್ಲಿಯ ಮೂಲನಿವಾಸಿಯಾದ ಒಬ್ಬ ಮಾವೊರಿ ಅಂಕಲ್ ತಾನು ಹುಟ್ಟಿದ್ದೇ ಇಂಥ ಕಾರಿನ ಹಿಂದಿನ ಸೀಟಿನಲ್ಲಿ, ಆಸ್ಪತ್ರೆಗೆ ಇನ್ನೂ ಒಂಬತ್ತು ಮೈಲಿ ಇತ್ತು ಎಂದು ನಗಿಸುತ್ತಿದ್ದರು. ವೈಕಾಟೊ ಸೀಮೆಯಿಂದ ಬಂದ ರೈತಮಹಿಳೆಯೊಬ್ಬಳು ಚಳಿಗಾಲದಲ್ಲಿ ತಾಯಿಯಿಲ್ಲದ ಕುರಿಮರಿಗಳನ್ನು ಹೀಟರಿನ ಬುಡದಲ್ಲಿ ಮಲಗಿಸಿ ಬದುಕಿಸಿದ್ದಳಂತೆ. ಮಾಂಸ ಸುಡುವ ಬಾರ್ಬೆಕ್ಯೂ ಹೊಗೆಗೆ ಮೂಗು ಮುಚ್ಚಿಕೊಂಡೇ ಅಜ್ಜಿ ಎಲ್ಲರಿಗೂ ಶೇಂಗಾ ಹೋಳಿಗೆ ಹಂಚಿದಳು. ಕನ್ನಡದಲ್ಲೇ "ತಗೋರಿ, ತಿನ್ನರಿ" ಎಂದಳು, ಎಲ್ಲರಿಗೂ ಅರ್ಥವಾಯಿತು.

ಊಟ ಮುಗಿದಾಗ ಒಂದು ಗಂಟೆ. ಅಪ್ಪಾಜಿ ಕೇಳಿದರು. "ಪಮ್ಮಿ, ಟೈಮ್ ಏನೈತಿ?"

ಚೀಟಿ ನೋಡಿ ಹೇಳಿದೆ. "ಹನ್ನೆರಡಕ್ಕೇ ಹೈ ಟೈಡ್ ಮುಗದೈತಿ. ನೌ ಇಟ್ಸ್ ಗೋಯಿಂಗ್ ಔಟ್."

ನಾವು ನಾಲ್ವರೇ ಹೊರಟೆವು. ಮುಂದೆ ಅಪ್ಪಾಜಿ, ಕಾಲಿನ್ ಅಂಕಲ್; ಹಿಂದೆ ಅಜ್ಜಿ, ನಾನು. ಕಪ್ಪು ಮರಳು ಒದ್ದೆಯಾಗಿ ಡಾಂಬರಿನಷ್ಟು ಗಟ್ಟಿಯಾಗಿತ್ತು. ಎಡಗಡೆ ಸಮುದ್ರ, ಬಲಗಡೆ ಮರಳಿನ ದಿಬ್ಬ. ಕಾಲಿನ್ ಅಂಕಲ್ ಗಾಜು ಇಳಿಸಿ, ಮೊಣಕೈ ಹೊರಗಿಟ್ಟು, ಕಣ್ಣು ಮುಚ್ಚಿ ಕೂತಿದ್ದರು. ಎರಡು ಮೈಲಿ ಹೋಗಿರಬೇಕು. ತಿರುಗಿಸೋಣವೆಂದು ಅಪ್ಪಾಜಿ ಸ್ಟೇರಿಂಗ್ ಎಳೆದರು. ಅಲ್ಲಿ ದಿಬ್ಬದಿಂದ ಸಣ್ಣ ತೊರೆಯೊಂದು ಹರಿದು ಬಂದು ಮರಳನ್ನು ಸಡಿಲ ಮಾಡಿತ್ತು. ಕಾರಿನ ಹಿಂಭಾಗ ಮೆಲ್ಲಗೆ ಕುಸಿಯಿತು. ಅಪ್ಪಾಜಿ ಆಕ್ಸಿಲರೇಟರ್ ಒತ್ತಿದರು. ಚಕ್ರ ಗಿರಗಿರ ತಿರುಗಿ, ಇನ್ನೂ ಆಳಕ್ಕೆ ಇಳಿಯಿತು.

"ಗಾಬರಿ ಬೇಡ, ನೀರು ಇಳಿಯುತ್ತಿದೆ, ಬೇಕಾದಷ್ಟು ಹೊತ್ತಿದೆ," ಎಂದರು ಕಾಲಿನ್ ಅಂಕಲ್. ಅಪ್ಪಾಜಿ ಕೆಳಗಿಳಿದು ಕೈಯಿಂದಲೇ ಮರಳು ತೋಡತೊಡಗಿದರು. ತೋಡಿದಷ್ಟೂ ಗುಂಡಿಗೆ ನೀರು ಜಿನುಗಿ ತುಂಬುತ್ತಿತ್ತು. ನಾನು ಆಚೆ ನಿಂತು ಸಮುದ್ರ ನೋಡುತ್ತಿದ್ದೆ. ನಾವು ಬರುವಾಗ ಬಿದ್ದ ಟೈರಿನ ಗುರುತು ನೀರಿನ ಅಂಚಿನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿತ್ತು. ಸ್ವಲ್ಪ ಹೊತ್ತಿಗೆ ಹತ್ತು ಹೆಜ್ಜೆಯಾಯಿತು. ಆಮೇಲೆ ಗುರುತೇ ಇಲ್ಲ.

ಚೀಟಿಯಿದ್ದ ಜೇಬನ್ನು ಅಂಗೈಯಿಂದ ಒತ್ತಿ ಹಿಡಿದೆ. ಹೇಳಬೇಕಿತ್ತು. ಹೇಳಿದರೆ ತಪ್ಪು ನನ್ನದೆಂದು ಗೊತ್ತಾಗುತ್ತದೆ. ಇಳಿಯುತ್ತಿರಬಹುದು, ಈ ಅಲೆಯೊಂದೇ ದೊಡ್ಡದಿರಬಹುದು ಎಂದುಕೊಂಡೆ. ಹಾಗೆ ಎಷ್ಟು ನಿಮಿಷ ನಿಂತೆನೋ ಗೊತ್ತಿಲ್ಲ. ಹತ್ತಾದರೂ ಆಗಿರಬೇಕು.

ಮುಂದಿನ ಚಕ್ರಕ್ಕೆ ನೊರೆ ಬಂದು ತಾಗಿತು. ಹಿಂದಿನ ಸೀಟಿನಿಂದ ಅಜ್ಜಿಯ ದನಿ: "ಬಸೂ, ನೀರು ಇಲ್ಲೀಮಟಾ ಬಂತಲ್ಲೋ!"

"ಇಳ್ಯಾಕತ್ತೈತಿ ಯವ್ವಾ, ನೀ ಸುಮ್ನ ಕುಂದರು."

"ಅಪ್ಪಾಜಿ," ಎಂದೆ. ಅವರು ತೋಡುತ್ತಲೇ ಇದ್ದರು. ಮತ್ತೆ ಕೂಗಿದೆ. "ಅಪ್ಪಾಜಿ, ಇಳ್ಯಾಕತ್ತಿಲ್ಲ! ಏರಾಕತ್ತೈತಿ!"

ಅಪ್ಪಾಜಿ ತಲೆಯೆತ್ತಿ ಸಮುದ್ರ ನೋಡಿದರು. ಆಮೇಲೆ ನನ್ನನ್ನು ನೋಡಿದರು, ಒಂದೇ ಕ್ಷಣ. ಕೂಡಲೇ ಹಿಂದಿನ ಬಾಗಿಲು ತೆಗೆದು ಅಜ್ಜಿಯನ್ನು ಬೆನ್ನಿಗೇರಿಸಿಕೊಂಡರು. "ಪಮ್ಮಿ, ಓಡು. ಹಿಂದ ಒಬ್ಬಾಂವ ಮೀನು ಹಿಡ್ಯಾಕತ್ತಿದ್ದ, ಅವನ ಹಂತ್ಯಾಕ ಯೂಟ್ ಗಾಡಿ ಐತಿ. ಕರ್ಕೊಂಡು ಬಾ. ದಿಬ್ಬದ ಬಾಜೂಕ ಓಡು, ಲಗೂ!"

ಓಡುವಾಗ ಹಿಂದಿರುಗಿ ನೋಡಿದೆ. ಅಜ್ಜಿಯನ್ನು ದಿಬ್ಬದ ಮೇಲೆ ಕೂರಿಸಿ ಅಪ್ಪಾಜಿ ಕಾರಿಗೆ ವಾಪಸು ಹೋಗಿದ್ದರು. ಕಾಲಿನ್ ಅಂಕಲ್ ಡ್ಯಾಶ್‌ಬೋರ್ಡ್ ಹಿಡಿದುಕೊಂಡು, ಇಳಿಯುವುದಿಲ್ಲ ಎಂಬಂತೆ ತಲೆಯಾಡಿಸುತ್ತಿದ್ದರು. ಅಪ್ಪಾಜಿ ಕಿರುಚಿದ್ದು ಗಾಳಿಯಲ್ಲೂ ಕೇಳಿಸಿತು. "ಏಳ್ರೀ! ಕಾರು ಹಾಳಾಗಿ ಹೋಗ್ಲಿ, ಮೊದಲ ನೀವು ಏಳ್ರೀ!" ಅವರೊಂದಿಗೆ ಅಪ್ಪಾಜಿ ಕನ್ನಡದಲ್ಲಿ ಮಾತಾಡಿದ್ದು ಅದೊಂದೇ ಸಲ.

ಮೀನು ಹಿಡಿಯುತ್ತಿದ್ದವನು ಸಿಕ್ಕಿದಾಗ ನನಗೆ ಉಸಿರೇ ಇರಲಿಲ್ಲ. ಗಾಳ ಅಲ್ಲೇ ಎಸೆದು ನನ್ನನ್ನು ಯೂಟ್‌ಗೆ, ಹಿಂದೆ ತೆರೆದ ತೊಟ್ಟಿಯಿರುವ ಆ ಗಾಡಿಗೆ, ಹತ್ತಿಸಿಕೊಂಡ. ದಿಬ್ಬದ ಅಂಚಿನಲ್ಲಿ ಓಡಿಸುತ್ತ ಬೈದುಕೊಂಡ: "ಮೂರು ಗಂಟೆವರೆಗೂ ಏರುತ್ತೆ ಇವತ್ತು. ಈ ಹೊತ್ತಲ್ಲಿ ಯಾರಾದ್ರೂ ಇಳೀತಾರಾ? ಪೇಪರಲ್ಲಿ ಆ ಕಡೆ ಪೂರ್ವ ದಂಡೆಯ ಟೈಮ್ ಓದಿರ್ತಾರೆ. ಊರಿನ ಬಂದರಿಗೂ ಇಲ್ಲಿಗೂ ಮೂರು ಗಂಟೆ ಫರಕು. ಯಾರು ಓದಿದ್ದು?"

"ಗೊತ್ತಿಲ್ಲ," ಎಂದೆ.

ನಾವು ತಲುಪುವ ಹೊತ್ತಿಗೆ ಕಾರಿನ ಬಾಗಿಲಿನ ಅರ್ಧಕ್ಕೆ ನೀರು ಬಂದಿತ್ತು. ಅಪ್ಪಾಜಿ ಕಾಲಿನ್ ಅಂಕಲ್ ಅವರ ಕಂಕುಳಿಗೆ ಕೈ ಹಾಕಿ ಹಿಮ್ಮುಖವಾಗಿ ಎಳೆದು ತರುತ್ತಿದ್ದರು. ಒಂದು ದೊಡ್ಡ ಅಲೆ ಕಾರನ್ನು ದಾಟಿ ಬಂದು ಇಬ್ಬರನ್ನೂ ಕೆಡವಿತು. ಅಪ್ಪಾಜಿಯ ತಲೆ ನೀರಿನಿಂದ ಮೇಲೆದ್ದಿತು. ಕಾಲಿನ್ ಅಂಕಲ್ ಕಾಣಿಸಲಿಲ್ಲ. ದಿಬ್ಬದ ಮೇಲಿಂದ ಅಜ್ಜಿ "ಬಸೂ, ಬಸೂ" ಎಂದು ಎದೆ ಬಡಿದುಕೊಂಡು ಕೂಗುತ್ತಿದ್ದಳು. ಯೂಟಿನವನು ಬೂಟುಗಾಲಲ್ಲೇ ನುಗ್ಗಿದ. ಬಗ್ಗಿ, ಒಂದು ಸಲ ತಡಕಾಡಿ, ಎರಡನೇ ಸಲಕ್ಕೆ ಕಾಲಿನ್ ಅಂಕಲ್ ಅವರ ಜಾಕೆಟ್ಟಿನ ಕಾಲರ್ ಹಿಡಿದು ಎತ್ತಿದ. ದಡಕ್ಕೆ ತಂದು ಮಗ್ಗುಲಿಗೆ ಹೊರಳಿಸಿದರು. ಅಂಕಲ್ ಕೆಮ್ಮಿದರು, ನೀರು ಕಾರಿದರು, ಮತ್ತೆ ಕೆಮ್ಮಿದರು. ಅಷ್ಟರಲ್ಲಿ ಅಜ್ಜಿ, ಗೋಡೆ ಹಿಡಿಯದೆ ನಡೆಯಲಾರದ ಅಜ್ಜಿ, ದಿಬ್ಬದಿಂದ ಕೂತುಕೊಂಡೇ ಜಾರಿ ಬಂದು ತನ್ನ ಒಣ ಸೆರಗಿನಿಂದ ಅವರ ಮುಖ ಒರೆಸುತ್ತಿದ್ದಳು.

ಯೂಟಿನವನು ಹೋಗಿ ತಿಳಿಸಿದ ಮೇಲೆ ಕ್ಲಬ್ಬಿನವರು ಎರಡು ಜೀಪು, ಹಗ್ಗ ತಗೊಂಡು ಬಂದರು. ಮೊದಲ ಹಗ್ಗ ತುಂಡಾಯಿತು. ಎರಡನೆಯದಕ್ಕೆ ಕಾರು, ಒಳಗಿನ ನೀರನ್ನೆಲ್ಲ ಕಕ್ಕುತ್ತ ಮೇಲೆ ಬಂತು. ಆಂಬುಲೆನ್ಸ್ ಬರುವ ತನಕ ಎಲ್ಲರೂ ಸುತ್ತ ನಿಂತಿದ್ದರು. ಕುರಿಮರಿಯ ಕತೆ ಹೇಳಿದ್ದ ಮಹಿಳೆ ನನಗೊಂದು ಕಂಬಳಿ ಹೊದಿಸಿದಳು. ಯಾರೋ ಕೇಳಿದರು: "ಟೈಡ್ ನೋಡಿರಲಿಲ್ಲವಾ?"

ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡೆ.

"ನೋಡಿದ್ದೆ," ಎಂದರು ಅಪ್ಪಾಜಿ ಇಂಗ್ಲಿಷಿನಲ್ಲಿ. ತುಟಿ ನೀಲಿಗಟ್ಟಿ ಅದುರುತ್ತಿತ್ತು. "ತಪ್ಪು ಸಾಲು ಓದಿದೆ. ನನ್ನದೇ ತಪ್ಪು." ಗುಂಪಿನಲ್ಲಿ ಒಬ್ಬ, ಸಮುದ್ರ ಗೊತ್ತಿಲ್ಲದವರು ಬರಬಾರದು ಎಂಬರ್ಥದ ಮಾತನ್ನು ಗೊಣಗಿದ. ಅಪ್ಪಾಜಿ ಅದಕ್ಕೂ ತಲೆಯಾಡಿಸಿದರು. ಅವರು ಆ ಪೇಪರನ್ನು ಮುಟ್ಟಿಯೂ ಇರಲಿಲ್ಲ.

ಸಂಜೆ ಅವ್ವನಿಗೂ ಅದನ್ನೇ ಹೇಳಿದರು. ಅವ್ವ ಒಂದು ವಾರ ಅವರೊಂದಿಗೆ ಸರಿಯಾಗಿ ಮಾತಾಡಲಿಲ್ಲ. ನನ್ನನ್ನು ಅಪ್ಪಾಜಿ ಏನೂ ಕೇಳಲಿಲ್ಲ. "ಉಂಡೇನು? ಮಲಕೋ ಹೋಗು," ಅಷ್ಟೇ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ.

ಆ ಬೇಸಿಗೆಯುದ್ದಕ್ಕೂ ಅಪ್ಪಾಜಿ ಕಾರನ್ನು ಬಿಚ್ಚಿ ತೊಳೆದರು. ಸೀಟು, ಬಾಗಿಲಿನ ಒಳಗು, ಇಂಜಿನ್ನಿನ ಒಂದೊಂದು ತುಂಡು. ಏಪ್ರಿಲ್ ಹೊತ್ತಿಗೆ ಇಂಜಿನ್ ಒಮ್ಮೆ ಶುರುವೂ ಆಯಿತು. ಆದರೆ ಉಪ್ಪು ಅಡಿಯ ಕಬ್ಬಿಣವನ್ನು ಒಳಗಿಂದಲೇ ತಿನ್ನತೊಡಗಿತ್ತು. ರಸ್ತೆಗಿಳಿಯಲು ಬೇಕಾದ ವಾರಂಟ್ ಎಂಬ ಅರ್ಹತಾಪತ್ರ ಸಿಗುವಂತಿರಲಿಲ್ಲ. ಕಾಲಿನ್ ಅಂಕಲ್ ಅವರೇ ತೀರ್ಮಾನಿಸಿದರು. ಕಂಪನಿ ಬಿಡಿಭಾಗ ಮಾಡುವುದಿಲ್ಲ, ಇದ್ದವರ ಕಾರುಗಳಾದರೂ ಓಡಲಿ ಎಂದು ಕ್ಲಬ್ಬಿನವರಿಗೆ ಹಂಚಿದರು. ಬಾನೆಟ್ ಒಬ್ಬರಿಗೆ, ಗೇರ್‌ಬಾಕ್ಸ್ ಇನ್ನೊಬ್ಬರಿಗೆ. ಬಾಗಿಲುಗಳನ್ನು ಒಯ್ಯಲು ಬಂದ ದಿನ ಅವರು ಹೊರಗೇ ಬರಲಿಲ್ಲ.

ಮರುದಿನ ನನಗೆ ತಡೆಯಲಾಗಲಿಲ್ಲ. ಬೇಲಿಯಾಚೆ ಅವರು ಕುರ್ಚಿ ಹಾಕಿಕೊಂಡು ಕೂತಿದ್ದರು. ಹೋಗಿ ಎದುರಿಗೆ ನಿಂತೆ. "ಅಪ್ಪಾಜಿ ಓದಿದ್ದಲ್ಲ. ನಾನು ಓದಿದ್ದು," ಎಂದೆ. ಆಮೇಲೆ ಅಳು ತಡೆಯಲಿಲ್ಲ.

"ಎಪ್ಪತ್ತು ವರ್ಷದಿಂದ ಈ ದೇಶದಲ್ಲಿದ್ದೇನೆ," ಎಂದರು. "ಕಣ್ಣು ತೆರೆದು ಸಮುದ್ರ ನೋಡಬೇಕಾದವನು ನಾನು. ನೋಡಲಿಲ್ಲ." ನಮ್ಮ ಮನೆಯ ಕಡೆ ಕೈ ತೋರಿಸಿ ಹೇಳಿದರು. "ನಿನ್ನಪ್ಪ ಅದನ್ನು ತನ್ನದು ಅಂತ ಇಟ್ಟುಕೊಂಡಿದ್ದಾನೆ. ಅವನ ಹತ್ತಿರವೇ ಇರಲಿ ಬಿಡು."

ಬಿಟ್ಟೆ. ಅದು ಸರಿಯೋ ತಪ್ಪೋ ಇವತ್ತಿಗೂ ತಿಳಿಯದು.

ಎರಡು ವರ್ಷಕ್ಕೆ ಕಾಲಿನ್ ಅಂಕಲ್ ತೀರಿಹೋದರು. ಅವರ ಮನೆ ಇದ್ದ ಜಾಗದಲ್ಲಿ ಈಗ ಒಂದಕ್ಕೊಂದು ಅಂಟಿದ ಆರು ಮನೆಗಳಿವೆ. ಬೇಲಿ ನನ್ನ ತಲೆಗಿಂತ ಎತ್ತರ, ಆಚೆ ಯಾರಿದ್ದಾರೋ ಗೊತ್ತಿಲ್ಲ. ಅಜ್ಜಿ ಹೋದಳು. ಅಪ್ಪಾಜಿ ಹೋಗಿ ಮೂರು ವರ್ಷ. ಶನಿವಾರಗಳಂದು ಬೀದಿಯಲ್ಲಿ ಬಾನೆಟ್ ಎತ್ತಿ ನಿಲ್ಲುವವರು ಯಾರೂ ಇಲ್ಲ.

ಕಳೆದ ಬೇಸಿಗೆಯಲ್ಲಿ ಆ ಕ್ಲಬ್ಬಿನವರು ಸೇರುತ್ತಾರೆಂದು ತಿಳಿದು ಹೋಗಿದ್ದೆ. ನಾಲ್ಕೇ ಕಾರುಗಳು ಬಂದಿದ್ದವು. ಒಂದರ ಪಕ್ಕ ನಿಂತಿದ್ದ ಹುಡುಗಿ, ನಿಮಗೆ ಇದರ ಪರಿಚಯ ಹೇಗೆ ಎಂದು ಕೇಳಿದಳು. ಹೇಳಿದೆ. ಮೊದಲಿಂದ ಕೊನೆಯ ತನಕ, ಪೇಪರು ಓದಿದ್ದು ನಾನೇ ಎಂಬುದನ್ನೂ ಸೇರಿಸಿ, ನಾಲ್ಕು ಜನರ ಎದುರಿಗೆ ಗಟ್ಟಿಯಾಗಿ ಹೇಳಿದೆ. ಅಪ್ಪಾಜಿ ಇದ್ದಿದ್ದರೆ ನಡುವೆ ಬಾಯಿ ಹಾಕಿ, "ಅಕಿ ಅಲ್ಲ, ಓದಿದಾಂವ ನಾನ," ಅನ್ನುತ್ತಿದ್ದರು. ನನಗೆ ಗೊತ್ತಿಲ್ಲದಂತೆಯೇ ಆ ಮಾತಿಗೆ ಕಾದು ಒಂದು ಕ್ಷಣ ನಿಲ್ಲಿಸಿದೆ.

ಯಾರೂ ಅನ್ನಲಿಲ್ಲ.