ಒಂದು ದಿನದ ತೊಟ್ಟಿಲು

ಕಳೆದ ಮಂಗಳವಾರ ನನ್ನ ಐದು ತಿಂಗಳ ಮಗಳು ಫ್ಯಾಕ್ಟರಿಗೆ ಡ್ಯೂಟಿಗೆ ಬಂದಿದ್ದಳು. ನಗಬೇಡಿ. ಮ್ಯಾನೇಜರೇ ಕರೆಸಿದ್ದು.

ನಾನು ಟೈಪಿಸ್ಟ್ ಆಗಿರುವ ಗೇರುಬೀಜದ ಫ್ಯಾಕ್ಟರಿ ನಮ್ಮ ಮಂಗಳೂರಿನಲ್ಲೇ ಇದೆ. ಯಾವುದು ಎಂದು ಮಾತ್ರ ಕೇಳಬೇಡಿ. ಬೀಜ ಒಡೆಯುವವರೆಲ್ಲ ಹೆಂಗಸರು. ಅವರ ಹಸುಗೂಸುಗಳಿಗೆ ಒಂದು ಕೋಣೆ ಇರಬೇಕು, ನಡುವೆ ಹೋಗಿ ಹಾಲು ಕೊಡಲು ಬಿಡುವು ಕೊಡಬೇಕು ಎನ್ನುತ್ತದೆ ಕಾನೂನು. ಕೋಣೆಯೇನೋ ಇದೆ. 'ಮಕ್ಕಳ ಕೋಣೆ' ಎಂಬ ಬೋರ್ಡೂ ಇದೆ. ಒಳಗೆ ತುಂಬಿರುವುದು ಖಾಲಿ ಗೋಣಿಚೀಲ.

ಸೋಮವಾರ ಮ್ಯಾನೇಜರ್ ಕರೆದರು. "ನಾಳೆ ಇನ್‌ಸ್ಪೆಕ್ಟರ್ ಬರ್ತಾರೆ. ನಿಮ್ಮ ಮಗುವನ್ನು ಕರ್ಕೊಂಡು ಬನ್ನಿ. ತೊಟ್ಟಿಲು ತರಿಸಿದ್ದೇನೆ, ಖಾಲಿ ತೋರಿಸ್ಲಿಕ್ಕೆ ಆಗ್ತದಾ?"

"ಬೀಜ ಒಡೆಯುವವರಿಗೇ ಸಣ್ಣ ಮಕ್ಕಳು ಉಂಟಲ್ಲ ಸಾರ್?"

"ಅವರಿಗೆ ಒಂದು ದಿನ ತರ್ಲಿಕ್ಕೆ ಹೇಳಿದ್ರೆ ದಿನಾ ತರ್ತಾರೆ ಮಾರಾಯ್ರೆ!"

ನಾನು ಒಪ್ಪಿಕೊಂಡೆ. ನಿಜ ಹೇಳಲೆ? ಒಳಗೊಳಗೆ ಖುಷಿಯೇ ಆಯಿತು. ಕುಲಶೇಖರ ಬಡಾವಣೆಯ ನಮ್ಮ ಮನೆಯಲ್ಲಿ ಅತ್ತೆ ಕುಡಿಸುವ ಡಬ್ಬಿ ಹಾಲು ತಪ್ಪಿ, ಒಂದು ದಿನವಾದರೂ ಮಗುವಿಗೆ ಹೊತ್ತುಹೊತ್ತಿಗೆ ನನ್ನ ಹಾಲು ಸಿಗುತ್ತದಲ್ಲ!

ಮಂಗಳವಾರ ಗೋಣಿಗಳು ಮಾಯ. ಫಿನಾಯಿಲ್ ವಾಸನೆ. ಮಗು ಅಳುತ್ತಿತ್ತು, ನಾನು ತೊಟ್ಟಿಲು ತೂಗುತ್ತಿದ್ದೆ. ಬಾಗಿಲಲ್ಲಿ ಜಲಜ ಬಂದು ನಿಂತಳು. ಬೀಜ ಒಡೆಯುವವಳು, ಬಂದರಿನ ಕಡೆಯವಳು. ಹೆತ್ತು ಮೂರು ತಿಂಗಳು, ಮಗು ಮನೆಯಲ್ಲಿ. ನನ್ನ ಮಗುವಿನ ಅಳು ಕೇಳಿಯೇ ಅವಳ ರವಿಕೆ ಒದ್ದೆಯಾಗಿತ್ತು.

"ನನ್ನದನ್ನೂ ತರ್ಬಹುದಿತ್ತಾ ಅಕ್ಕ?"

ಅಷ್ಟರಲ್ಲಿ ಇನ್‌ಸ್ಪೆಕ್ಟರ್ ಬಂದೇಬಿಟ್ಟರು. ಹಿಂದೆಯೇ ಮ್ಯಾನೇಜರ್.

"ಮಗುವನ್ನು ದಿನಾ ತರ್ತೀರಾ?"

ಇಲ್ಲ ಎಂದು ಕೆಲಸ ಹೋದರೆ?

"ಹೌದು ಸಾರ್."

ಅವರು ಜಲಜಳತ್ತ ತಿರುಗಿದರು, ಒದ್ದೆ ರವಿಕೆ ಕಂಡಿರಬೇಕು. "ನಿನ್ನ ಮಗು ಎಲ್ಲಮ್ಮ?"

ಜಲಜ ಮ್ಯಾನೇಜರರ ಮುಖ ನೋಡಿದಳು. ಮನೆಯಲ್ಲಿದೆ ಎಂದರೆ ಯಾಕೆ ಎಂದು ಕೇಳುತ್ತಾರೆ. ಕಾರಣ ಹೇಳಿದರೆ ನಾಳೆಯಿಂದ ಇವಳಿಗೆ ಕೆಲಸವಿಲ್ಲ. ಸೆರಗನ್ನು ಎದೆಯ ಮೇಲೆ ಎಳೆದುಕೊಂಡಳು.

"ನನಗೆ ಮಕ್ಕಳಿಲ್ಲ ಸಾರ್."

ಇನ್‌ಸ್ಪೆಕ್ಟರ್ ಪುಸ್ತಕದಲ್ಲಿ ಸಹಿ ಹಾಕಿ ಹೋದರು.

ಮಧ್ಯಾಹ್ನ ಜಲಜ ನನ್ನ ಮೇಜಿನ ಹತ್ತಿರ ಬಂದಳು. ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿದರೆ ಚರ್ಮ ಸುಡುತ್ತದೆ. ಮಡಿಲಲ್ಲಿದ್ದ ನನ್ನ ಮಗುವಿಗೆ ತಾಗದಂತೆ ಕೈಗಳನ್ನು ದೂರ ಹಿಡಿದಿದ್ದಳು.

"ಅಕ್ಕ, ಇದೇ ಬಾಯಲ್ಲಿ ಮಗು ಇಲ್ಲ ಅಂತ ಹೇಳಿದೆ. ಮಗುವಿಗೆ ಎಂತಾದ್ರೂ ಆದ್ರೆ?"

"ಎಂತದೂ ಆಗುವುದಿಲ್ಲ" ಎಂದೆ. ಹೇಳುತ್ತಲೇ ನನ್ನ ಮಗುವನ್ನು ಎದೆಗೊತ್ತಿಕೊಂಡೆ. (ಇದೆಲ್ಲ ಮೂಢನಂಬಿಕೆ ಎನ್ನುತ್ತೀರಾ? ಇರಬಹುದು. ನಿಮ್ಮ ಮಗುವಿನ ಬಗ್ಗೆ ಹಾಗೆ ಒಮ್ಮೆ ಹೇಳಿ ನೋಡಿ.) ಸಂಜೆ ಕೆಲಸ ಬಿಟ್ಟದ್ದೇ ಅವಳು ಬಸ್ಸಿಗೆ ಓಡಿದಳು. ಮನೆಗೆ ಹೋದ ಮೇಲೂ ನನಗೆ ಅವಳ ಮಗುವಿನದೇ ಚಿಂತೆ.

ಬುಧವಾರ ಬೆಳಿಗ್ಗೆ ಗೇಟಿನಲ್ಲೇ ಕಾದು ನಿಂತೆ. ಜಲಜ ಬಂದಳು.

"ಮಗು ಹುಷಾರುಂಟಾ?"

ಅವಳು ಮೊದಲು ಆಚೀಚೆ ನೋಡಿದಳು. ಯಾರೂ ಇಲ್ಲ ಎಂದು ಖಾತ್ರಿಯಾದ ಮೇಲೆ ಪಿಸುಗುಟ್ಟಿದಳು: "ಹುಷಾರುಂಟು ಅಕ್ಕ."

ಅವಳನ್ನು ಹೀಗೆ ಹೆದರಿಸಿಟ್ಟವರಲ್ಲಿ, 'ಹೌದು ಸಾರ್' ಎಂದ ನಾನೂ ಒಬ್ಬಳಲ್ಲವೆ?