ಬಸ್ಸಿನ ಮೂತಿ ಕಾಣದೆ ಬಾಯಿ ತೆರೆಯದ ಮೈಕಕ್ಕ

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷವಿದೆ. ಬಸ್ ನಿಲ್ದಾಣದ ಮೊದಲ ಮಹಡಿಯ ಪುಟ್ಟ ಕೋಣೆಯಲ್ಲಿ ಮೈಕಕ್ಕ ಕಿಟಕಿಯ ಎರಡೂ ಬಾಗಿಲು ತೆರೆದು, ಕುರ್ಚಿಯನ್ನು ಅತ್ತ ತಿರುಗಿಸಿಕೊಂಡು ಕೂರುತ್ತಾರೆ. ಮೈಕು ಪಕ್ಕದಲ್ಲಿದೆ, ಅದರ ಕಡೆ ಅವರು ನೋಡುವುದಿಲ್ಲ. ಕೆಳಗೆ ಹದಿನಾಲ್ಕು ಅಂಕಣಗಳು, ಅಂದರೆ ಬಸ್ಸುಗಳು ಬಂದು ನಿಲ್ಲುವ ಹದಿನಾಲ್ಕು ಜಾಗಗಳು. ಯಾವ ಬಸ್ಸು ಎಷ್ಟು ಹೊತ್ತಿಗೆ ಯಾವ ಅಂಕಣಕ್ಕೆ ಎಂಬ ಆ ದಿನದ ಪಟ್ಟಿ ಮೇಜಿನ ಮೇಲಿದೆ. ಮೈಕಕ್ಕ ಅದರ ಮೇಲೆ ಚಹಾದ ಲೋಟ ಇಡುತ್ತಾರೆ.

ಗೇಟಿನಲ್ಲಿ ಒಂದು ಬಸ್ಸು ತಿರುಗುತ್ತದೆ. ಮೂರನೇ ಅಂಕಣಕ್ಕೆ ಹೋಗುತ್ತದೋ ನಾಲ್ಕಕ್ಕೋ ಇನ್ನೂ ಗೊತ್ತಿಲ್ಲ. ಅವರು ಕಾಯುತ್ತಾರೆ. ಬಸ್ಸಿನ ಮೂತಿ ನಾಲ್ಕರ ಗೆರೆಯೊಳಗೆ ಬಂದ ಮೇಲೆಯೇ ಗುಂಡಿ ಒತ್ತುತ್ತಾರೆ.

"ಅಳೇ ಸೇತುವೆ ಮೇಲೆ ಓಗೋ ಅದಿನೇಳನೇ ನಂಬರ್ ಬಸ್ಸು ನಾಲ್ಕನೇ ಅಂಕಣದಲ್ಲಿ ನಿಂತಿದೆ. ಓಡಬೇಡಿ, ಇನ್ನೂ ಎಂಟು ನಿಮಿಸ ಇದೆ."

ಹಳೇ, ಹೋಗೋ, ಹದಿನೇಳು. ಮೂರರಲ್ಲೂ ಹಕಾರ ಮಾಯ. ಕೆಳಗೆ ಬೆಂಚಿನ ಮೇಲಿದ್ದ ಇಬ್ಬರು ಹುಡುಗಿಯರು ಮುಖ ಮುಖ ನೋಡಿಕೊಂಡು ಕಿಸಕ್ಕನೆ ನಗುತ್ತಾರೆ. ನಗುತ್ತಲೇ ಎದ್ದು ನಾಲ್ಕನೇ ಅಂಕಣಕ್ಕೆ ನಡೆಯುತ್ತಾರೆ.

ಇನ್ನು ಮುಂದೆ ಅವರ ಮಾತನ್ನು ಸರಿಯಾದ ಅಕ್ಷರದಲ್ಲೇ ಬರೆಯುತ್ತೇನೆ. ಒಬ್ಬರ ನಾಲಿಗೆಯನ್ನು ಅಚ್ಚಿನಲ್ಲಿ ಕುಣಿಸಿ ಓದುಗರನ್ನು ನಗಿಸುವ ಕೆಲಸ ನನ್ನದಲ್ಲ. ಒಂದು ಸಲ ತೋರಿಸಿದ್ದು ಸಾಕು.

ಮೈಕಕ್ಕನಿಗೆ ಐವತ್ನಾಲ್ಕು ವರ್ಷ. ಮೈಕಿನ ಮುಂದೆ ಕೂತು ಹದಿನಾರು ವರ್ಷವಾಗಿದೆ. ಮಧ್ಯಾಹ್ನ ಒಂದರವರೆಗಿನ ಪಾಳಿಯಲ್ಲಿ ಇನ್ನೂರ ಹನ್ನೆರಡು ಬಸ್ಸು, ಒಂದೊಂದಕ್ಕೂ ಎರಡು ಸಲ ಕೂಗು. ಅದಕ್ಕೂ ಮೊದಲು ಇದೇ ನಿಲ್ದಾಣದಲ್ಲಿ ಕಸ ಗುಡಿಸುತ್ತಿದ್ದರು. ಒಂದು ಬೆಳಿಗ್ಗೆ ಕೂಗುವಾತ ಬರಲಿಲ್ಲ. ಎಂಜಿನ್ ಸದ್ದಿನಲ್ಲೇ ಬಸ್ಸು ಗುರುತಿಸುವ ಹೆಂಗಸು ಒಬ್ಬಳಿದ್ದಾಳೆ ಎಂದು ಯಾರೋ ಹೇಳಿದರು. ಪೊರಕೆ ಗೋಡೆಗೆ ಒರಗಿಸಿ ಮೇಲೆ ಹತ್ತಿದವರು ಮತ್ತೆ ಇಳಿಯಲಿಲ್ಲ.

"ಹಕಾರ ನಮ್ಮನೇಲಿ ಯಾರಿಗೂ ಇರಲಿಲ್ಲ," ಎನ್ನುತ್ತಾರೆ. "ಅಪ್ಪಂಗಿಲ್ಲ, ಅಮ್ಮಂಗಿಲ್ಲ, ಚಿಕ್ಕಪ್ಪಂಗಿಲ್ಲ. ಮನೇಲಿ ಇಲ್ಲದ ಸಾಮಾನು ನಾನೆಲ್ಲಿಂದ ತರಲಿ? ಶಾಲೇಲಿ ಮೇಷ್ಟ್ರು ಇದಕ್ಕೇ ಬಾಗಿಲಾಚೆ ನಿಲ್ಲಿಸ್ತಿದ್ರು. ಏಳನೇ ಕ್ಲಾಸಿಗೆ ನಿಂತೂ ನಿಂತೂ ಸಾಕಾಗಿ ಬಿಟ್ಟುಬಿಟ್ಟೆ."

ಬಾಗಿಲಾಚೆ ನಿಲ್ಲಿಸುವವರು ಈಗಲೂ ಇದ್ದಾರೆ. ನಿಲ್ದಾಣದ ದೂರು ಪುಸ್ತಕದಲ್ಲಿ ಕಳೆದ ವರ್ಷ ಅವರ ಉಚ್ಚಾರದ ಮೇಲೆ ನಲವತ್ತೊಂದು ದೂರು. ಅವುಗಳಲ್ಲಿ ಇಪ್ಪತ್ತಾರು ಒಬ್ಬರದೇ. ದಿನಾ ಏಳು ನಲವತ್ತರ ಬಸ್ಸಿಗೆ ಬರುವ ಕಚೇರಿ ಗುಮಾಸ್ತರು. ಅವರು ತಪ್ಪುಗಳನ್ನು ಕೆಂಪು ಪೆನ್ನಿನಲ್ಲಿ ಬರೆದು, ಪಕ್ಕದಲ್ಲಿ ಸರಿಯಾದ ರೂಪ ಬರೆದು, ಕೆಳಗೆ ಗೆರೆ ಎಳೆಯುತ್ತಾರೆ. ಡ್ರೈವರುಗಳು ಅವರಿಗೆ ಕೆಂಪು ಪೆನ್ನಪ್ಪ ಎಂದು ಹೆಸರಿಟ್ಟಿದ್ದಾರೆ. ಒಮ್ಮೆ ಆತ ಮೆಟ್ಟಿಲು ಹತ್ತಿ ಮೇಲೇ ಬಂದರಂತೆ.

"ಏನಮ್ಮಾ, ಬೆಳಬೆಳಿಗ್ಗೆ ಕಿವಿಗೆ ಜಲ್ಲಿಕಲ್ಲು ಸುರೀತೀರಲ್ಲ!"

"ಸಾರ್, ನಿಮಗೆ ಬಸ್ಸು ಸಿಕ್ತಾ?"

"ದಿನಾ ಸಿಗುತ್ತೆ. ಅದಲ್ಲ ಪ್ರಶ್ನೆ."

"ನನಗೆ ಅದೊಂದೇ ಸಾರ್ ಪ್ರಶ್ನೆ. ಬೇಗ ಇಳೀರಿ, ಇವತ್ತೂ ಸಿಗಲಿ."

ನಗುವುದಕ್ಕೆ ಚೆನ್ನಾಗಿದೆ. ಆದರೆ ದೂರುಗಳು ಕೇಂದ್ರ ಕಚೇರಿಗೆ ಹೋದವು. ಎರಡು ತಿಂಗಳ ಹಿಂದೆ ಪತ್ರ ಬಂತು. ಇಂಥ ಮಂಗಳವಾರ ಉಚ್ಚಾರ ಪರೀಕ್ಷೆ. ಐವತ್ತಕ್ಕೆ ಮೂವತ್ತೈದು ಬರದಿದ್ದರೆ ಮೈಕಿನ ಕೆಲಸ ಬೇರೆಯವರಿಗೆ, ಇವರು ಮತ್ತೆ ಗುಡಿಸಲು ಕೆಳಗೆ. ಹದಿನಾರು ವರ್ಷದಲ್ಲಿ ಇವರ ಮಾತು ಕೇಳಿ ಒಬ್ಬರಾದರೂ ತಪ್ಪು ಬಸ್ಸು ಹತ್ತಿದ್ದಾರೆಯೇ ಎಂದು ಆ ಪತ್ರ ಬರೆದ ಪುಣ್ಯಾತ್ಮರು ಕೇಳಲಿಲ್ಲ. ದೂರು ಪುಸ್ತಕದಲ್ಲಿ ಅಂಥದ್ದು ಒಂದೂ ಇರಲಿಲ್ಲ. ತಿರುವಿ ನೋಡಲು ಅರ್ಧ ಗಂಟೆ ಸಾಕಿತ್ತು.

ಪಾಠ ಶುರುವಾಗುತ್ತದೆ. ಇಲ್ಲಿ ಮೇಷ್ಟ್ರು ಶಿಶುವಿಹಾರದಲ್ಲಿ ಕಲಿಸುವ ಅವರ ಮಗಳೇ. ಹಳೇ ಟಿಕೆಟ್ ರೋಲಿನಿಂದ ಹರಿದ ಕಾಗದದ ಪಟ್ಟಿಯನ್ನು ಅಮ್ಮನ ಬಾಯಿಯ ಮುಂದೆ ಹಿಡಿಯುತ್ತಾಳೆ. ಹಕಾರಕ್ಕೆ ಉಸಿರು ಬಂದರೆ ಕಾಗದ ಅಲ್ಲಾಡಬೇಕು.

"ಅಲ್ಲಾಡ್ಲಿಲ್ಲ ಅಮ್ಮ. ಇನ್ನೊಂದ್ಸಲ."

"ಫ್ಯಾನ್ ಹಾಕೇ, ಅದೇ ಅಲ್ಲಾಡುತ್ತೆ."

"ನನ್ನ ಕ್ಲಾಸಿನ ಮಕ್ಕಳೇ ನಿನಗಿಂತ ವಾಸಿ."

"ಅವರಿಗೇನು, ಬಸ್ಸು ಬಿಡಬೇಕಾ?"

ಮೂರು ವಾರ ಹೀಗೇ. ಅಕ್ಕಿ ಆರಿಸುವಾಗ, ಬಟ್ಟೆ ಹಿಂಡುವಾಗ ಹಾ ಹೀ ಹೂ. ಕೊನೆಗೆ ಕಾಗದ ಅಲ್ಲಾಡುತ್ತದೆ. ಆದರೆ ಒಂದು ತೊಡಕು: ಕಣ್ಣು ಅಕ್ಷರದ ಮೇಲಿದ್ದರಷ್ಟೇ ಹಕಾರ ಬರುತ್ತದೆ. ತಲೆ ಎತ್ತಿದರೆ ಹೋಯಿತು.

ಮಂಗಳವಾರ ಒಂಬತ್ತಕ್ಕೆ ಪರೀಕ್ಷೆಯ ಅಧಿಕಾರಿ ಬರುತ್ತಾರೆ. ಗಲಾಟೆ ಕೇಳಬಾರದು ಎಂದು ಕಿಟಕಿ ಮುಚ್ಚಿಸುತ್ತಾರೆ. ಲೋಟ ಎತ್ತಿಸಿ, ಪಟ್ಟಿಯನ್ನು ಮೈಕಕ್ಕನ ಕೈಗೆ ಕೊಟ್ಟು, "ಇದರಲ್ಲಿ ಇದ್ದ ಹಾಗೆ ಓದಿ" ಎನ್ನುತ್ತಾರೆ. ಮೈಕಕ್ಕ ಬೆರಳಿಟ್ಟು ಓದುತ್ತಾರೆ. ಮೈಕು ಚಾಲೂ ಇದೆ. ಇಡೀ ನಿಲ್ದಾಣ ಕೇಳುತ್ತಿದೆ. ಒಂದು ಹಕಾರವೂ ಜಾರುವುದಿಲ್ಲ. ದೊಡ್ಡಾಸ್ಪತ್ರೆಗೆ ಹೋಗುವ ಬಸ್ಸು ಆರನೇ ಅಂಕಣದಲ್ಲಿ ನಿಂತಿದೆ ಎಂದು ಎರಡು ಸಲ ಸ್ಪಷ್ಟವಾಗಿ ಹೇಳುತ್ತಾರೆ.

ಪಟ್ಟಿಯಲ್ಲಿ ಆರು ಎಂದೇ ಇತ್ತು. ಆದರೆ ಆ ಹೊತ್ತಿಗೆ ಆರರಲ್ಲಿ ನಿಂತದ್ದು ಬಂದರಿಗೆ ಹೋಗುವ ಬಸ್ಸು. ಆಸ್ಪತ್ರೆಯ ಬಸ್ಸು ಜಾಗವಿಲ್ಲದೆ ಒಂಬತ್ತನೇ ಅಂಕಣಕ್ಕೆ ಹೋಗಿತ್ತು. ಕಿಟಕಿ ತೆರೆದಿದ್ದರೆ ಮೈಕಕ್ಕನಿಗೆ ಕಣ್ಣು ಬೇಕಿರಲಿಲ್ಲ, ಎಂಜಿನ್ ಸದ್ದೇ ಸಾಕಿತ್ತು.

ಓದು ಬಾರದ ಅಜ್ಜಿಯೊಬ್ಬರು ಬಗಲಲ್ಲಿ ಎಕ್ಸ್‌ರೇ ಲಕೋಟೆ ಇಟ್ಟುಕೊಂಡು ಆರರ ಬಸ್ಸು ಹತ್ತಿದರು. ನೂಕುನುಗ್ಗಲಿನಲ್ಲಿ ಕಂಡಕ್ಟರ್ ಟಿಕೆಟ್ ಕೇಳುವಷ್ಟರಲ್ಲಿ ಬಸ್ಸು ಊರಾಚೆ ದಾಟಿತ್ತು. ಎದುರು ಬಸ್ಸು ಹಿಡಿದು ಅಜ್ಜಿ ವಾಪಸು ಬಂದಾಗ ಹನ್ನೊಂದೂವರೆ. ಡಾಕ್ಟರ ಹೊತ್ತು ಮೀರಿತ್ತು. ಸುದ್ದಿ ತಿಳಿದು ಮೈಕಕ್ಕ ಕೆಳಗೆ ಓಡಿ ಬಂದು ಕೈ ಹಿಡಿದುಕೊಂಡರೆ ಅಜ್ಜಿ ಬೈಯಲೂ ಇಲ್ಲ.

"ನೀನೇ ಅಂದೆಯಲ್ಲ ತಾಯಿ, ಆರು ಅಂತ. ನಿನ್ನ ಮಾತಿನ ಮೇಲೇ ಹತ್ತಿದೆ," ಎಂದರು. ಮತ್ತೆ ಮುಂದಿನ ಮಂಗಳವಾರವೇ ಡಾಕ್ಟರು ಸಿಗುವುದು ಎಂದು ಹೇಳಿ, ಲಕೋಟೆ ಸರಿ ಮಾಡಿಕೊಂಡು ಊರಿನ ಬಸ್ಸಿಗೆ ಹೋದರು.

ಪರೀಕ್ಷೆಯಲ್ಲಿ ಮೈಕಕ್ಕನಿಗೆ ಐವತ್ತಕ್ಕೆ ನಲವತ್ತಾರು.

ಆ ಮಧ್ಯಾಹ್ನ ಪಾಳಿ ಮುಗಿಸಿ ಅವರು ದೂರು ಪುಸ್ತಕ ಕೇಳಿ ಪಡೆದು ತಮ್ಮ ಮೇಲೇ ದೂರು ಬರೆಯುತ್ತಾರೆ. ನಾನು ಅದನ್ನು ನೋಡಿದ್ದೇನೆ. ಎರಡೇ ಸಾಲು: "ಈ ದಿನ ಬಸ್ಸು ನೋಡದೆ ಕೂಗಿದ್ದೇನೆ. ಒಬ್ಬ ಅಜ್ಜಿಗೆ ಆಸ್ಪತ್ರೆ ತಪ್ಪಿದೆ." ಕೆಳಗೆ ಸಹಿ. ನಿಲ್ದಾಣದ ಸಾಹೇಬರು ತಲೆ ಮೇಲೆ ಕೈ ಹೊತ್ತು ಕೂತರಂತೆ.

"ಪಾಸಾಗಿದ್ದೀಯಲ್ಲಮ್ಮ! ಕೆಲಸ ಉಳೀತು. ಸುಮ್ಮನೆ ಯಾಕೆ ಮೈಮೇಲೆ ಎಳ್ಕೋತೀಯ?"

"ಸಾರ್, ಪಟ್ಟಿ ನೋಡಿ ಓದೋದಾದ್ರೆ ಬೇರೆಯವರನ್ನ ಕೂರಿಸಿ. ನಾನು ಬಸ್ಸು ನೋಡಿಯೇ ಕೂಗೋದು. ಆವಾಗ ಹಕಾರ ಬಂದ್ರೆ ಬಂತು, ಇಲ್ಲದಿದ್ರೆ ಪೊರಕೆ ಎಲ್ಲಿದೆ ಅಂತ ನನಗೆ ಗೊತ್ತು."

ಬುಧವಾರದಿಂದಲೇ ಕಿಟಕಿ ತೆರೆದಿದೆ, ಹಕಾರ ಹೋಗಿದೆ. ಸಾಹೇಬರು, ಅವರ ಒಳ್ಳೆಯತನವೇ ಇರಬೇಕು, ಅಂಕಪಟ್ಟಿಯ ಜೊತೆಗೆ ಆ ದೂರಿನ ಪುಟವನ್ನೂ ಕೇಂದ್ರ ಕಚೇರಿಗೆ ಕಳಿಸುತ್ತಾರೆ. ಹನ್ನೆರಡು ದಿನ ಉತ್ತರವಿಲ್ಲ. ಆ ಹನ್ನೆರಡು ದಿನ ಮಗಳು ಸರಿಯಾಗಿ ಊಟ ಮಾಡಲಿಲ್ಲ, ಮೈಕಕ್ಕ ಮಾಡಿದರು. ಕೊನೆಗೆ ಪತ್ರ ಬರುತ್ತದೆ: ಬಸ್ಸು ಅಂಕಣಕ್ಕೆ ಬಂದುದನ್ನು ಕಣ್ಣಾರೆ ಕಂಡ ನಂತರವೇ ಕೂಗತಕ್ಕದ್ದು, ಸದರಿ ನೌಕರರು ಮುಂದುವರಿಯತಕ್ಕದ್ದು, ಉಚ್ಚಾರದ ಅಭ್ಯಾಸ ಬಿಡತಕ್ಕದ್ದಲ್ಲ.

ಕೆಂಪು ಪೆನ್ನಿನವರು ಈಗಲೂ ಬರೆಯುತ್ತಾರೆ. ನಡೆದದ್ದು ಅವರಿಗೂ ತಿಳಿದಿದೆ. ಈಚೆಗೆ ಕೆಳಗೆ ಗೆರೆ ಎಳೆಯುವುದಿಲ್ಲ, ಅಷ್ಟೇ ವ್ಯತ್ಯಾಸ. "ಬರೀಲಿ ಬಿಡಿ," ಎನ್ನುತ್ತಾರೆ ಮೈಕಕ್ಕ. "ಅವರು ಹೇಳೋದೂ ಸುಳ್ಳಲ್ಲ. ನನಗೆ ಇನ್ನೂ ಆರು ವರ್ಷ ಸರ್ವೀಸ್ ಇದೆ, ಕಲಿಯೋಣ."

ಬೇರೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಒಂದು ಬಸ್ಸು ಹನ್ನೊಂದನೇ ಅಂಕಣಕ್ಕೆ ತಿರುಗುತ್ತಿದೆ. ಅದು ನಿಂತ ಮೇಲೆ ಎರಡು ಸಲ ಕೂಗಿ, ಗುಂಡಿ ಬಿಟ್ಟು, ಕಿಟಕಿಯಿಂದ ಕಣ್ಣು ತೆಗೆಯದೆ ಹೇಳುತ್ತಾರೆ:

"ಆ ಅಜ್ಜಿ ಮುಂದಿನ ಮಂಗಳವಾರ ಬರಲೇ ಇಲ್ಲ. ಅದರ ಮುಂದಿನ ಮಂಗಳವಾರನೂ ಇಲ್ಲ. ಯಾವ ಊರು ಅಂತ ಕೇಳೋದು ಮರೆತೆ ನೋಡಿ. ಒಂದ್ಸಲ ಬಂದುಬಿಡ್ಲಿ. ಮೈಕು ಬಿಟ್ಟು ಇಳಿದು ಹೋಗಿ, ಕೈ ಹಿಡಿದು, ಆಸ್ಪತ್ರೆ ಬಸ್ಸಲ್ಲಿ ಕೂರಿಸಿ ಬರ್ತೀನಿ. ಅಷ್ಟು ಹೊತ್ತು ಈ ಸ್ಟ್ಯಾಂಡು ಸುಮ್ಮನಿರಲಿ. ಯಾರಾದ್ರೂ ದೂರು ಬರೆದ್ರೆ ಬರ್ಕೊಳ್ಳಲಿ."